ಮಿಲ್ವಾಕಿಯಿಂದ ಸ್ಪ್ರಿಂಗ್‌ಫೀಲ್ಡ್‌ಗೆ: ಅಮೆರಿಕದ ಪಕ್ಷ ಸಮಾವೇಶಗಳ ಜಾಡಿನಲ್ಲಿ

ಮೊದಲ ದಿನ: ಮಿಲ್ವಾಕಿ

ಅಕ್ಟೋಬರ್‌ನಲ್ಲಿ ಮಿಲ್ವಾಕಿಯ ಬಿಸಿಲನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಬರೀ ಅಂಗಿಯಲ್ಲಿ ಓಡಾಡಿದವರು ಮಧ್ಯಾಹ್ನದ ಹೊತ್ತಿಗೆ ಜಾಕೆಟ್ ಹುಡುಕುತ್ತಾರೆ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಎದ್ದಿತೆಂದರೆ ಕಿವಿ ಜೋಮು ಹಿಡಿಯುತ್ತದೆ. ಊರಿನ ನಡುಭಾಗ ಚಿಕ್ಕದು, ನಡೆದೇ ನೋಡಬಹುದು. ಕಾಲು ಸೋತರೆ ‘ಹಾಪ್’ ಎಂಬ ಟ್ರ್ಯಾಮ್ ಇದೆ, ಅದಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ.

ರಿಪಬ್ಲಿಕನ್ ಪಕ್ಷ 2024ರ ಜುಲೈ 15ರಿಂದ 18ರವರೆಗೆ ತನ್ನ ಸಮಾವೇಶ ನಡೆಸಿದ ಫೈಸರ್ವ್ ಫೋರಂ ರೈಲು ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ. ಮೂಲತಃ ಅದು ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ. ಹೊರಗಿನ ಚೌಕದಲ್ಲಿ ಈಗ ಆಟಗಾರರ ಪೋಸ್ಟರ್‌ಗಳು, ಬಿಯರ್ ಮಳಿಗೆಗಳು. ಇಲ್ಲೊಂದು ಸಮಾವೇಶ ನಡೆದಿತ್ತೆಂಬ ಕುರುಹು ಹುಡುಕಿದರೂ ಸಿಗದು. ಆ ವಾರ ಇಲ್ಲಿ ಸೇರಿದ್ದವರು 2,429 ಡೆಲಿಗೇಟ್‌ಗಳು, ಅಂದರೆ ರಾಜ್ಯಗಳಿಂದ ಬಂದ ಪಕ್ಷದ ಪ್ರತಿನಿಧಿಗಳು. ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಬೇಕಿದ್ದದ್ದು ಅವರಲ್ಲಿ 1,215 ಮತ. ಮೊದಲ ದಿನ ಮಧ್ಯಾಹ್ನವೇ ರಾಜ್ಯಗಳ ಹೆಸರು ಕೂಗಿ ಮತ ಕೇಳಿದರು, ಫ್ಲಾರಿಡಾದ ಸರದಿಯಲ್ಲಿ ಟ್ರಂಪ್ ಆ ಸಂಖ್ಯೆ ದಾಟಿದರು. ಫಲಿತಾಂಶ ತಿಂಗಳುಗಳ ಹಿಂದೆಯೇ ಎಲ್ಲರಿಗೂ ಗೊತ್ತಿತ್ತು. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ರಾಜ್ಯ ರಾಜ್ಯಗಳಲ್ಲಿ ಮತದಾರರೇ ಮತ ಹಾಕುವ ಪ್ರೈಮರಿ ಚುನಾವಣೆಗಳಲ್ಲೇ ಎಲ್ಲ ತೀರ್ಮಾನವಾಗಿ ಹೋಗಿರುವಾಗ ನಾಲ್ಕು ದಿನದ ಈ ಜಾತ್ರೆ ಏಕೆ ಎಂಬ ಪ್ರಶ್ನೆ ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಏಳುತ್ತದೆ. ಆ ಪ್ರಶ್ನೆಯ ಬೆನ್ನು ಹತ್ತಿದವರು ಈ ಊರಿನಿಂದ ಹೊರಡುವುದೇ ಸರಿ. ಏಕೆಂದರೆ ಸಮಾವೇಶದ ಕೈಯಿಂದ ಅಧಿಕಾರ ಕಿತ್ತುಕೊಂಡ ಪ್ರೈಮರಿ ಬಲವಾಗಿ ಬೇರುಬಿಟ್ಟದ್ದು ಇದೇ ವಿಸ್ಕಾನ್ಸಿನ್ ರಾಜ್ಯದಲ್ಲಿ. ಗವರ್ನರ್ ರಾಬರ್ಟ್ ಲಾ ಫಾಲೆಟ್ ಹಠ ಹಿಡಿದು, ಅಭ್ಯರ್ಥಿಗಳನ್ನು ಮತದಾರರೇ ನೇರವಾಗಿ ಆರಿಸುವ ಕಾನೂನಿಗೆ 1904ರಲ್ಲಿ ಜನಮತದ ಒಪ್ಪಿಗೆ ಪಡೆದರು.

ಮಧ್ಯಾಹ್ನ ಚೀಸ್ ಕರ್ಡ್ಸ್ ತಿನ್ನದೆ ಇಲ್ಲಿಂದ ಹೊರಡಬಾರದು. ಚೀಸ್ ಆಗುವ ಮೊದಲಿನ ಹಾಲಿನ ಗಟ್ಟಿಗಳು ಅವು. ಅದೇ ದಿನ ಮಾಡಿದ್ದಾದರೆ ಹಲ್ಲಿನ ಕೆಳಗೆ ಕಿರ್‍ರೆಂದು ಸದ್ದು ಮಾಡುತ್ತವೆ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದರೆ ಆ ಸದ್ದು ಹೋಗುತ್ತದೆ. ಹಾಗಾಗಿ ‘ಇವತ್ತಿನದಾ?’ ಎಂದು ಕೇಳಿಯೇ ಕೊಳ್ಳಬೇಕು. ಮಳಿಗೆಯ ಹೆಂಗಸು ಸಮಾವೇಶದ ಮಾತು ಬಂದದ್ದೇ ತಲೆ ಅಲ್ಲಾಡಿಸಿದಳು. “ಜನ ಮುಗಿಬೀಳ್ತಾರೆ ಅಂದಿದ್ರು. ಹೆಚ್ಚಿಗೆ ಆಳು ಇಟ್ಟುಕೊಂಡ್ವಿ, ಸಾಮಾನು ತುಂಬಿಕೊಂಡ್ವಿ. ಬಂದೋರೆಲ್ಲ ಬೇಲಿ ಒಳಗೇ ಉಳಿದ್ರು.”

ಅವಳ ಮಾತಿಗೆ ಕಾರಣವಿದೆ. ಇಂಥ ಸಮಾವೇಶವನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಮಟ್ಟದ ವಿಶೇಷ ಭದ್ರತಾ ಕಾರ್ಯಕ್ರಮವೆಂದು ಘೋಷಿಸುತ್ತದೆ. ಉಸ್ತುವಾರಿ ಅಧ್ಯಕ್ಷರ ಕಾವಲು ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್‌ನದು. ಸುತ್ತ ಎರಡು ಸುತ್ತಿನ ಬೇಲಿ ಬೀಳುತ್ತದೆ. ಹೊರಗಿನದು ವಾಹನ ತಡೆಯಲು, ಒಳಗಿನದು ಪಾಸ್ ಇಲ್ಲದವರನ್ನು ತಡೆಯಲು. ಡೆಲಿಗೇಟ್‌ಗಳು ಹೋಟೆಲಿನಿಂದ ಬಸ್ಸಿನಲ್ಲಿ ಬಂದು ನೇರ ಬೇಲಿಯೊಳಗೆ ಇಳಿಯುತ್ತಾರೆ, ಊಟವೂ ಅಲ್ಲೇ. ಎರಡು ಬೀದಿ ಆಚೆಯ ಹೋಟೆಲು ಖಾಲಿ ಹೊಡೆಯುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಭದ್ರತೆಗೆಂದು ಮಿಲ್ವಾಕಿಗೂ, ಡೆಮಾಕ್ರಾಟರ ಸಮಾವೇಶ ನಡೆದ ಚಿಕಾಗೋಗೂ ತಲಾ 7.5 ಕೋಟಿ ಡಾಲರ್ ಕೊಟ್ಟಿತು. ಸಮಾವೇಶ ನಡೆಸುವ ಖರ್ಚಿಗೆ ಮಾತ್ರ ಸರ್ಕಾರದ ಹಣವಿಲ್ಲ. 2012ರವರೆಗೆ ಪಕ್ಷಕ್ಕೆ ಸುಮಾರು 1.8 ಕೋಟಿ ಡಾಲರ್ ಬರುತ್ತಿತ್ತು, 2014ರ ಕಾನೂನು ಅದನ್ನು ನಿಲ್ಲಿಸಿತು. ಈಗ ಎಲ್ಲ ಕಂಪನಿಗಳ, ಧನಿಕರ ದೇಣಿಗೆಯಿಂದ. ಸಮಾವೇಶ ಬೇಡ ಎನ್ನುವವರ ಗಟ್ಟಿ ವಾದ ಇದೇ, ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ಕತ್ತಲಾಗುವ ಮೊದಲು ನೋಡಲೇಬೇಕಾದ ಇನ್ನೊಂದು ಜಾಗ ಹಯಾಟ್ ಹೋಟೆಲ್. ಹಿಂದೆ ಅಲ್ಲಿದ್ದ ಗಿಲ್‌ಪ್ಯಾಟ್ರಿಕ್ ಹೋಟೆಲಿನ ಮುಂದೆ 1912ರ ಅಕ್ಟೋಬರ್ 14ರಂದು ಥಿಯೋಡರ್ ರೂಸ್‌ವೆಲ್ಟ್ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿ ಮಡಚಿಟ್ಟಿದ್ದ 50 ಪುಟದ ಭಾಷಣ ಮತ್ತು ಕನ್ನಡಕದ ಲೋಹದ ಡಬ್ಬಿ ಗುಂಡಿನ ವೇಗ ತಗ್ಗಿಸಿದವು. ಅವರು ರಕ್ತ ಸೋರುತ್ತಿದ್ದಂತೆಯೇ ಹೋಗಿ ಭಾಷಣ ಮಾಡಿದರು. ಮಾಜಿ ಅಧ್ಯಕ್ಷರೊಬ್ಬರು ಹೊಸ ಪಕ್ಷ ಕಟ್ಟಿಕೊಂಡು ಊರೂರು ಅಲೆಯಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಉತ್ತರ ಚಿಕಾಗೋದಲ್ಲಿದೆ.

ಎರಡನೇ ದಿನ: ರೈಲು, ಆಮೇಲೆ ಲೇಕ್ ಸ್ಟ್ರೀಟ್

ಹಯಾವಾಥಾ ರೈಲು ಒಂದೂವರೆ ಗಂಟೆಯಲ್ಲಿ ಚಿಕಾಗೋ ಮುಟ್ಟಿಸುತ್ತದೆ. ಕಾರಿನಲ್ಲಿ ಬರುವವರು ಇಲಿನಾಯ್ ಗಡಿ ದಾಟಿದ ಮೇಲೆ ಟೋಲ್ ನೆನಪಿಡಬೇಕು. ಅಲ್ಲಿ ನಗದು ತೆಗೆದುಕೊಳ್ಳುವ ಕಟ್ಟೆಯೇ ಇಲ್ಲ. 14 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ ದಂಡ ಸೇರಿಸಿ ಬಿಲ್ಲು ಬರುತ್ತದೆ.

ಚಿಕಾಗೋದಲ್ಲಿ ಈವರೆಗೆ ಎರಡೂ ಪಕ್ಷಗಳದು ಸೇರಿ 26 ಸಮಾವೇಶಗಳು ನಡೆದಿವೆ. ಬೇರಾವ ಊರೂ ಇದರ ಹತ್ತಿರಕ್ಕೆ ಬರದು. ಮೊದಲನೆಯದು ನಡೆದದ್ದು ಲೇಕ್ ಸ್ಟ್ರೀಟ್ ಮತ್ತು ವ್ಯಾಕರ್ ಡ್ರೈವ್ ಕೂಡುವ ಮೂಲೆಯಲ್ಲಿ. ಇಲ್ಲಿಗೆ ಕಾರು ತರುವುದು ತಲೆನೋವು. ವ್ಯಾಕರ್ ಒಂದರ ಕೆಳಗೊಂದು ಅಂತಸ್ತಿರುವ ರಸ್ತೆ. ಕೆಳಗಿನ ಅಂತಸ್ತಿಗೆ ಇಳಿದೊಡನೆ ಜಿಪಿಎಸ್ ಸಿಗ್ನಲ್ ಸತ್ತು, ಬಾಣದ ಗುರುತು ನದಿಯ ಮಧ್ಯದಲ್ಲಿ ಕುಣಿಯತೊಡಗುತ್ತದೆ. ನಮ್ಮ ಟ್ಯಾಕ್ಸಿಯವನೇ ದಾರಿ ತಪ್ಪಿ ಎರಡು ಸುತ್ತು ಹೊಡೆದ. ರೈಲಿಳಿದು ಹದಿನೈದು ನಿಮಿಷ ನಡೆದರೆ ಈ ಫಜೀತಿಯಿಲ್ಲ.

ಈಗ ಅಲ್ಲಿರುವುದು ಗಾಜಿನ ಕಚೇರಿ ಕಟ್ಟಡಗಳು, ತಲೆಯ ಮೇಲೆ ಗಡಗಡ ಸದ್ದು ಮಾಡುತ್ತ ಓಡುವ ‘ಎಲ್’ ರೈಲು. 1860ರ ಮೇ ತಿಂಗಳಲ್ಲಿ ಇಲ್ಲಿ ‘ವಿಗ್ವಾಮ್’ ಎಂಬ ಮರದ ದೊಡ್ಡ ಸಭಾಂಗಣ ನಿಂತಿತ್ತು. ಸಮಾವೇಶಕ್ಕೆಂದೇ ಆತುರಾತುರವಾಗಿ ಕಟ್ಟಿದ್ದು. ಒಳಗೆ ಹತ್ತು ಸಾವಿರ ಜನ ಹಿಡಿಸುತ್ತಿತ್ತು. ರಿಪಬ್ಲಿಕನ್ ಪಕ್ಷ ಲಿಂಕನ್‌ರನ್ನು ಆರಿಸಿದ್ದು ಇದರೊಳಗೆ. ಸಮಾವೇಶವೆಂಬ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮುಂಚೂಣಿಯಲ್ಲಿದ್ದವರು ನ್ಯೂಯಾರ್ಕಿನ ಸೆನೆಟರ್ ಸೂವರ್ಡ್. ಎರಡನೇ ದಿನ ಗುರುವಾರ ಸಂಜೆ ಪ್ರಣಾಳಿಕೆ ಪಾಸಾದ ಹುರುಪಿನಲ್ಲೇ ಮತಕ್ಕೆ ಹಾಕಿದ್ದರೆ ಅವರು ಗೆಲ್ಲುವ ಸಂಭವ ಹೆಚ್ಚಿತ್ತು. ಆದರೆ ಮತ ಗುರುತು ಹಾಕಿಕೊಳ್ಳುವ ಹಾಳೆಗಳು ಇನ್ನೂ ಸಿದ್ಧವಾಗಿಲ್ಲವೆಂದು ಅಧ್ಯಕ್ಷಪೀಠದಿಂದ ಹೇಳಿಕೆ ಬಂತು. ಹಸಿದಿದ್ದ ಸಭೆ ಮರುದಿನಕ್ಕೆ ಮುಂದೂಡಿಕೊಂಡಿತು. ಆ ಒಂದು ರಾತ್ರಿ ಲಿಂಕನ್ ಕಡೆಯ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾ, ಇಂಡಿಯಾನಾದವರ ಕೋಣೆ ಕೋಣೆ ಹೊಕ್ಕು ಮಾತನಾಡಿದರು. ತನ್ನನ್ನು ಕಟ್ಟಿಹಾಕುವ ಯಾವ ಒಪ್ಪಂದವೂ ಬೇಡವೆಂದು ಲಿಂಕನ್ ಊರಿನಿಂದ ಹೇಳಿ ಕಳಿಸಿದ್ದರೂ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಕುರ್ಚಿ ಹಾಕಿಸುವ ಹೊಣೆ ಹೊತ್ತಿದ್ದ ನಾರ್ಮನ್ ಜಡ್, ಸೂವರ್ಡ್‌ರ ನ್ಯೂಯಾರ್ಕ್ ತಂಡವನ್ನು ಒಂದು ಕೊನೆಗೆ, ಯಾರ ಕಡೆಗೆಂದು ಇನ್ನೂ ನಿರ್ಧರಿಸದಿದ್ದ ಪೆನ್ಸಿಲ್ವೇನಿಯಾದವರನ್ನು ಇನ್ನೊಂದು ಕೊನೆಗೆ ಕೂರಿಸಿದರು. ಗದ್ದಲದ ನಡುವೆ ಒಬ್ಬರು ಇನ್ನೊಬ್ಬರ ಬಳಿ ಹೋಗಿ ಮಾತಾಡಲು ದಾರಿಯೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಸೂವರ್ಡ್ ಬೆಂಬಲಿಗರು ಬ್ಯಾಂಡು ಬಾರಿಸುತ್ತ ಮೆರವಣಿಗೆ ಹೊರಟು ಬರುವಷ್ಟರಲ್ಲಿ ಹೆಚ್ಚುವರಿ ಟಿಕೆಟ್ ಹಿಡಿದ ಲಿಂಕನ್ ಕಡೆಯವರು ಜಾಗವೆಲ್ಲ ತುಂಬಿಬಿಟ್ಟಿದ್ದರು.

ಗೆಲ್ಲಲು 233 ಬೇಕು. ಮೊದಲ ಸುತ್ತಿನಲ್ಲಿ ಸೂವರ್ಡ್ 173½, ಲಿಂಕನ್ 102. ಎರಡನೆಯದರಲ್ಲಿ 184½ ಮತ್ತು 181. ಮೂರನೆಯ ಸುತ್ತು ಮುಗಿದಾಗ ಲಿಂಕನ್ 231½. ಇನ್ನು ಒಂದೂವರೆ ಮತ ಸಾಕು. ಸಭೆ ಉಸಿರು ಬಿಗಿಹಿಡಿದಿದ್ದಾಗ ಒಹಾಯೋದ ಕಾರ್ಟರ್ ಎದ್ದು ತಮ್ಮ ನಾಲ್ಕು ಮತ ಬದಲಿಸಿದರು. ಸೂರಿನ ಮೇಲೆ ಕಾದಿದ್ದವರು ತೋಪು ಹಾರಿಸಿದರು.

ಕುತಂತ್ರ, ಕೊಡುಕೊಳ್ಳುವಿಕೆ ಎಲ್ಲ ಸೇರಿದ ಆಯ್ಕೆ ಇದು. ಆದರೂ ಇದರಲ್ಲಿ ಒಂದು ಗುಣವಿತ್ತು. ಹೆಚ್ಚು ಜನರ ಮೊದಲ ಆಯ್ಕೆಯಾಗಿದ್ದ ಸೂವರ್ಡ್, ಗೆಲ್ಲಲೇಬೇಕಾದ ರಾಜ್ಯಗಳಲ್ಲಿ ಸೋಲಬಹುದೆಂಬ ಅಂಜಿಕೆ ಅಲ್ಲಿ ಮುಖಾಮುಖಿ ಚರ್ಚೆಯಾಯಿತು. ಯಾರಿಗೂ ತೀರಾ ಬೇಡವಾಗಿರದ ಎರಡನೇ ಆಯ್ಕೆ ಮೇಲೆ ಬಂದರು. ಪ್ರೈಮರಿಯ ಮತಚೀಟಿಯಲ್ಲಿ ‘ನಿನ್ನ ಎರಡನೇ ಆಯ್ಕೆ ಯಾರು’ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಮೂರನೇ ದಿನ: ಬಾಲ್ಬೋ ಮೂಲೆ

ಮಿಶಿಗನ್ ಅವೆನ್ಯೂ ಮತ್ತು ಬಾಲ್ಬೋ ಡ್ರೈವ್ ಕೂಡುವಲ್ಲಿ ನಿಂತರೆ ಸಮಾವೇಶದ ಮೇಲಿನ ಎರಡು ದೊಡ್ಡ ಆಪಾದನೆಗಳು ಎದುರುಬದುರಾಗಿ ಕಾಣುತ್ತವೆ. ಬಡಗಣ ಮೂಲೆಯಲ್ಲಿ ಬ್ಲ್ಯಾಕ್‌ಸ್ಟೋನ್ ಹೋಟೆಲ್, ತೆಂಕಣ ಮೂಲೆಯಲ್ಲಿ ಹಿಲ್ಟನ್.

1920ರಲ್ಲಿ ಸಮಾವೇಶ ಬಿಕ್ಕಟ್ಟಿಗೆ ಸಿಕ್ಕಾಗ ಬ್ಲ್ಯಾಕ್‌ಸ್ಟೋನ್‌ನ ನಾಲ್ಕನೇ ಮಹಡಿಯ ಕೋಣೆಗಳಲ್ಲಿ ರಿಪಬ್ಲಿಕನ್ ಮುಖಂಡರು ನಡುರಾತ್ರಿ ಕೂತು ವಾರೆನ್ ಹಾರ್ಡಿಂಗ್ ಹೆಸರಿಗೆ ಬಂದರು ಎಂಬುದು ಪ್ರಸಿದ್ಧ ಕಥೆ. ‘ಹೊಗೆ ತುಂಬಿದ ಕೋಣೆ’ ಎಂಬ ಮಾತು ಅಮೆರಿಕದ ರಾಜಕೀಯಕ್ಕೆ ಅಂಟಿಕೊಂಡದ್ದು ಇಲ್ಲಿಂದ. ಮರುದಿನ ಹತ್ತನೇ ಸುತ್ತಿನಲ್ಲಿ ಹಾರ್ಡಿಂಗ್ ಅಭ್ಯರ್ಥಿಯಾದರು.

ಹಿಲ್ಟನ್‌ನದು ಇನ್ನೂ ಕಹಿ. ಆಗ ಅದರ ಹೆಸರು ಕಾನ್ರಾಡ್ ಹಿಲ್ಟನ್. 1968ರ ಆಗಸ್ಟ್ 28ರ ರಾತ್ರಿ ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಪೊಲೀಸರು ಇದೇ ಬೀದಿಯಲ್ಲಿ ಲಾಠಿ ಬೀಸಿದರು. ಕೆಳಗಿನ ಬಾರ್‌ನ ದೊಡ್ಡ ಗಾಜು ಒಡೆದು ಜನ ಒಳಕ್ಕೆ ಬಿದ್ದರು. ಟಿವಿ ಕ್ಯಾಮೆರಾಗಳು ಅಲ್ಲೇ ಇದ್ದವು. ಊರಿನ ತೆಂಕಣ ಭಾಗದ ಸಭಾಂಗಣದಲ್ಲಿ ಅದೇ ರಾತ್ರಿ ಹ್ಯೂಬರ್ಟ್ ಹಂಫ್ರಿ ಡೆಮಾಕ್ರಾಟರ ಅಭ್ಯರ್ಥಿಯಾದರು. ಒಂದೇ ಒಂದು ಪ್ರೈಮರಿಗೂ ಅವರು ಸ್ಪರ್ಧಿಸಿರಲಿಲ್ಲ.

ಆ ಸಿಟ್ಟಿನಿಂದಲೇ ಡೆಲಿಗೇಟ್ ಆಯ್ಕೆಯ ನಿಯಮ ತಿದ್ದಲು ಸೆನೆಟರ್ ಮೆಕ್‌ಗವರ್ನ್ ನೇತೃತ್ವದ ಪಕ್ಷದ ಆಯೋಗ ಹುಟ್ಟಿತು. 1972ರ ಹೊತ್ತಿಗೆ ಡೆಲಿಗೇಟ್‌ಗಳನ್ನು ಆರಿಸುವ ಕೆಲಸ ರಾಜ್ಯಮಟ್ಟದ ಮುಖಂಡರ ಕೈತಪ್ಪಿತು. ಒಂದಾದ ಮೇಲೊಂದು ರಾಜ್ಯ ಪ್ರೈಮರಿಗೆ ಬಂತು, ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು. ಒಂದಕ್ಕಿಂತ ಹೆಚ್ಚು ಸುತ್ತು ಮತ ನಡೆದದ್ದು ಕೊನೆಯ ಬಾರಿಗೆ 1952ರಲ್ಲಿ, ಅಡ್ಲಾಯ್ ಸ್ಟೀವನ್‌ಸನ್‌ಗಾಗಿ, ಅದೂ ಚಿಕಾಗೋದಲ್ಲೇ. ಫಲಿತಾಂಶದ ಬಗ್ಗೆ ನಿಜವಾದ ಅನುಮಾನ ಉಳಿದಿದ್ದ ಕೊನೆಯ ಸಮಾವೇಶವೆಂದರೆ 1976ರಲ್ಲಿ ಕಾನ್ಸಸ್ ಸಿಟಿಯಲ್ಲಿ ನಡೆದ ರಿಪಬ್ಲಿಕನ್ನರದು. ಅಲ್ಲಿ ಹಾಲಿ ಅಧ್ಯಕ್ಷ ಫೋರ್ಡ್‌ಗೆ 1,187 ಮತ, ರೇಗನ್‌ಗೆ 1,070.

ಎದುರಿನ ಗ್ರ್ಯಾಂಟ್ ಪಾರ್ಕಿನಲ್ಲಿ ಜನರಲ್ ಲೋಗನ್ ಕುದುರೆ ಏರಿದ ಪ್ರತಿಮೆ ಇದೆ. 1968ರ ಹುಡುಗರು ಹತ್ತಿ ಕೂತಿದ್ದು ಇದರ ಮೇಲೆಯೇ. ದಿಬ್ಬದ ಮೇಲೆ ಗಾಳಿ ಎಷ್ಟೆಂದರೆ ನಕಾಶೆ ಬಿಡಿಸಿ ಹಿಡಿಯಲಾಗದು. ನಾಯಿ ಅಡ್ಡಾಡಿಸುತ್ತಿದ್ದ ಮುದುಕರೊಬ್ಬರು ಪ್ರತಿಮೆ ನೋಡುತ್ತಿದ್ದ ನಮ್ಮನ್ನು ಕಂಡು ತಾವಾಗಿ ಮಾತಿಗೆ ನಿಂತರು. ಆ ವರ್ಷ ಅವರು ಕಾಲೇಜಿನಲ್ಲಿದ್ದರಂತೆ. “ಒಳಗಿದ್ದವರಿಗೆ ನಮ್ಮ ಮಾತು ಕೇಳಿಸಬೇಕಿತ್ತು, ಅಷ್ಟೇ. ಸಮಾವೇಶವೇ ಇಲ್ಲದಿದ್ದರೆ ಯಾರ ಬಾಗಿಲಿಗೆ ಹೋಗುತ್ತಿದ್ದೆವು?” ಎಂದರು.

ಅಲ್ಲಿಂದ ತೆಂಕಣಕ್ಕೆ ವಾಬಾಶ್ ಅವೆನ್ಯೂ ಹಿಡಿದು ನಡೆದರೆ 15ನೇ ಬೀದಿಯ ಬಳಿ ಹಳೆಯ ಕೊಲಿಸಿಯಂ ಇದ್ದ ಜಾಗ. 1904ರಿಂದ 1920ರವರೆಗೆ ಐದೂ ರಿಪಬ್ಲಿಕನ್ ಸಮಾವೇಶಗಳು ಇಲ್ಲೇ ನಡೆದವು. ಕಟ್ಟಡ ಈಗಿಲ್ಲ. ಮಿಲ್ವಾಕಿಯಲ್ಲಿ ಗುಂಡು ತಿಂದ ರೂಸ್‌ವೆಲ್ಟ್‌ರ ಪ್ರಶ್ನೆಗೆ ಉತ್ತರ ಇಲ್ಲಿದೆ. 1912ರಲ್ಲಿ ನಡೆದ ಹೆಚ್ಚಿನ ಪ್ರೈಮರಿಗಳನ್ನು ಅವರು ಗೆದ್ದಿದ್ದರು. ಆದರೆ ತಕರಾರಿದ್ದ 254 ಡೆಲಿಗೇಟ್ ಸ್ಥಾನಗಳಲ್ಲಿ ಪಕ್ಷದ ಸಮಿತಿ 235ನ್ನು ಹಾಲಿ ಅಧ್ಯಕ್ಷ ಟಾಫ್ಟ್ ಕಡೆಗೆ ಕೊಟ್ಟಿತು. ರೂಸ್‌ವೆಲ್ಟ್ ಕಡೆಯ 344 ಜನ ಮತ ಹಾಕದೆ ಕೂತರು, ಪಕ್ಷ ಒಡೆಯಿತು, ಚುನಾವಣೆ ವುಡ್ರೋ ವಿಲ್ಸನ್ ಪಾಲಾಯಿತು. ಯಾರು ಡೆಲಿಗೇಟ್ ಎಂದು ತೀರ್ಮಾನಿಸುವ ಕ್ರೆಡೆನ್ಷಿಯಲ್ಸ್ ಸಮಿತಿ ಇಂದಿಗೂ ಇದೆ. ವೇದಿಕೆಯ ಭಾಷಣಕ್ಕಿಂತ ಈ ಸಮಿತಿಯ ಸಭೆಯೇ ಎಷ್ಟೋ ಸಲ ಮುಖ್ಯ. ಕಪ್ಪು ಜನರಿಗೆ ಮತದಾನ ನಿರಾಕರಿಸಿದ್ದ ಮಿಸಿಸಿಪ್ಪಿಯ ಅಧಿಕೃತ ತಂಡದ ವಿರುದ್ಧ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಹೇಳಿಕೆ ಕೊಟ್ಟದ್ದು ಡೆಮಾಕ್ರಾಟರ ಇಂಥದೇ ಸಮಿತಿಯ ಮುಂದೆ. ದೇಶ ಅದನ್ನು ಟಿವಿಯಲ್ಲಿ ಕೇಳಿತು. ಅಂದು ಅವರ ತಂಡಕ್ಕೆ ಸಿಕ್ಕ ಆಹ್ವಾನ ಎರಡೇ ಸ್ಥಾನಗಳದು, ಅವರು ಅದನ್ನು ಒಪ್ಪಲಿಲ್ಲ. ನಾಲ್ಕು ವರ್ಷದ ಮೇಲೆ 1968ರಲ್ಲಿ ಮಿಸಿಸಿಪ್ಪಿಯ ಹಳೆಯ ತಂಡವನ್ನು ಹೊರಗಿಟ್ಟರು.

ನಾಲ್ಕನೇ ದಿನ: ದನದ ಸಂತೆಯ ಬಾಗಿಲು, ಯುನೈಟೆಡ್ ಸೆಂಟರ್, ಡಿವಾನ್

ಹಾಲ್ಸ್ಟೆಡ್ ಬೀದಿಯ 8ನೇ ನಂಬರ್ ಬಸ್ಸು ಎಕ್ಸ್‌ಚೇಂಜ್ ಅವೆನ್ಯೂ ಬಳಿ ಇಳಿಸುತ್ತದೆ. ಅಲ್ಲೊಂದು ಸುಣ್ಣಕಲ್ಲಿನ ಹಳೆಯ ಕಮಾನು ಬಾಗಿಲು ಒಂಟಿಯಾಗಿ ನಿಂತಿದೆ. ಅಮೆರಿಕಕ್ಕೆಲ್ಲ ಮಾಂಸ ಕಳಿಸುತ್ತಿದ್ದ ಯೂನಿಯನ್ ಸ್ಟಾಕ್‌ಯಾರ್ಡ್‌ನ ಹೆಬ್ಬಾಗಿಲು ಅದು. ಸಂತೆ 1971ರಲ್ಲಿ ಮುಚ್ಚಿತು. ಪಕ್ಕದಲ್ಲಿದ್ದ ಇಂಟರ್‌ನ್ಯಾಷನಲ್ ಆಂಫಿಥಿಯೇಟರ್, 1952 ಮತ್ತು 1968ರ ಸಮಾವೇಶಗಳ ಜಾಗ, 1999ರಲ್ಲಿ ನೆಲಸಮವಾಯಿತು. ಸುತ್ತ ಗೋದಾಮುಗಳು, ಲಾರಿಗಳು. ಕಾಫಿ ಸಿಗುವ ಜಾಗವೂ ಹತ್ತಿರದಲ್ಲಿಲ್ಲ, ಹೊಟ್ಟೆಗೆ ಹಾಕಿಕೊಂಡೇ ಹೋಗಬೇಕು.

ಯುನೈಟೆಡ್ ಸೆಂಟರ್‌ಗೆ ಹೋಗಲು ಈಗ ಸುಲಭ. ಗ್ರೀನ್ ಲೈನಿನ ಡೇಮನ್ ನಿಲ್ದಾಣ 2024ರ ಆಗಸ್ಟ್‌ನಲ್ಲಿ, ಡೆಮಾಕ್ರಾಟರ ಸಮಾವೇಶಕ್ಕೆ ಎರಡು ವಾರವಿರುವಾಗ ತೆರೆಯಿತು. ಇಳಿದು ತೆಂಕಣಕ್ಕೆ ಹತ್ತು ನಿಮಿಷ ನಡೆದರೆ ಸಾಕು. ಮ್ಯಾಡಿಸನ್ ಬೀದಿಯ ಆಚೆ ಹಿಂದೆ ಚಿಕಾಗೋ ಸ್ಟೇಡಿಯಂ ಇತ್ತು. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಲ್ಬನಿಯಿಂದ ವಿಮಾನದಲ್ಲಿ ಹಾರಿ ಬಂದು ತಾವೇ ಉಮೇದುವಾರಿಕೆ ಒಪ್ಪಿಕೊಂಡದ್ದು ಅಲ್ಲಿ. ಅದುವರೆಗೆ ಅಭ್ಯರ್ಥಿ ಮನೆಯಲ್ಲೇ ಕೂತು ಏನೂ ಗೊತ್ತಿಲ್ಲದವರಂತೆ ಕಾಯುವುದು ಪದ್ಧತಿ. 1940ರಲ್ಲಿ ಅದೇ ಸ್ಟೇಡಿಯಂನ ನೆಲಮಾಳಿಗೆಯಿಂದ ಊರಿನ ಚರಂಡಿ ವಿಭಾಗದ ಮುಖ್ಯಸ್ಥರು ಧ್ವನಿವರ್ಧಕದಲ್ಲಿ ‘ನಮಗೆ ರೂಸ್‌ವೆಲ್ಟ್ ಬೇಕು’ ಎಂದು ಕೂಗಿ ಸಭೆಯನ್ನು ಹುಚ್ಚೆಬ್ಬಿಸಿದರು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಎದುರಿನ ಯುನೈಟೆಡ್ ಸೆಂಟರಿನಲ್ಲಿ 2024ರ ಆಗಸ್ಟ್ 19ರಿಂದ 22ರವರೆಗೆ ನಡೆದದ್ದನ್ನು ವಿವರವಾಗಿ ನೋಡಬೇಕು. ಸಮಾವೇಶ ಬೇಕೋ ಬೇಡವೋ ಎಂಬ ಪ್ರಶ್ನೆ ಈ ಕಾಲದಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಆ ಬೇಸಿಗೆಯಲ್ಲೇ.

ಬೈಡನ್ ಜುಲೈ 21ರಂದು ಹಿಂದೆ ಸರಿದರು. ಪ್ರೈಮರಿಗಳು ಮುಗಿದಿದ್ದವು, ಮತ್ತೆ ನಡೆಸಲು ಸಮಯವೂ ಇಲ್ಲ, ಕಾನೂನೂ ಇಲ್ಲ. ಅವರ ಪರ ಗೆದ್ದಿದ್ದ ಸುಮಾರು 3,900 ಡೆಲಿಗೇಟ್‌ಗಳು ಒಂದೇ ಏಟಿಗೆ ಸ್ವತಂತ್ರರಾದರು. ಡೆಮಾಕ್ರಾಟರ ನಿಯಮದಲ್ಲಿ ಡೆಲಿಗೇಟ್ ತನ್ನನ್ನು ಕಳಿಸಿದವರ ಅಭಿಪ್ರಾಯವನ್ನು ಆತ್ಮಸಾಕ್ಷಿಗೆ ಒಪ್ಪುವಂತೆ ಪ್ರತಿನಿಧಿಸಬೇಕು ಎಂದಷ್ಟೇ ಇದೆ. ರಿಪಬ್ಲಿಕನ್ನರಲ್ಲಿ ಹಿಡಿತ ಬಿಗಿ. ಮೊದಲ ಸುತ್ತಿನಲ್ಲಿ ಡೆಲಿಗೇಟ್ ಬೇರೆ ಹೆಸರು ಕೂಗಿದರೂ ಕಾರ್ಯದರ್ಶಿ ಅದನ್ನು ಬದ್ಧವಾದ ಹೆಸರಿಗೇ ಬರೆದುಕೊಳ್ಳುತ್ತಾರೆ. ಡೆಲಿಗೇಟ್‌ಗಳೆಂಬ ಜನ ಇರದಿದ್ದರೆ ಹೊಸ ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಪಕ್ಷದ ರಾಷ್ಟ್ರೀಯ ಸಮಿತಿಯ ಕೆಲವು ನೂರು ಸದಸ್ಯರಿಗೆ ಹೋಗುತ್ತಿತ್ತು. ಸಮಾವೇಶ ಮುಗಿದ ಮೇಲೆ ಅಭ್ಯರ್ಥಿ ಬಿಟ್ಟುಹೋದರೆ ಈಗಲೂ ಹಾಗೆಯೇ. 1972ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಈಗಲ್ಟನ್ ಹಿಂದೆ ಸರಿದಾಗ ಸಾರ್ಜಂಟ್ ಶ್ರೈವರ್ ಹೆಸರನ್ನು ಒಪ್ಪಿದ್ದು ಅಂಥ ಸಮಿತಿಯೇ.

ಸಮಾವೇಶದ ಉಪಯೋಗ ಇಲ್ಲೇ ಇದೆ. ಎಲ್ಲ ಸರಿಯಿದ್ದಾಗ ಅದರ ಮತ ಬರೀ ಮುದ್ರೆ. ಪ್ರೈಮರಿಗೂ ನವೆಂಬರಿಗೂ ನಡುವೆ ಏನಾದರೂ ಕೈಕೊಟ್ಟರೆ, ಮತದಾರರೇ ಆರಿಸಿ ಕಳಿಸಿದ ಸಾವಿರಾರು ಜನರ ಸಭೆಯೊಂದಕ್ಕೆ ಮಾತ್ರ ಬದಲಿ ಹೆಸರು ಹೇಳುವ ನೈತಿಕ ಹಕ್ಕಿದೆ.

ಆದರೆ 2024ರಲ್ಲಿ ಆ ಹಕ್ಕನ್ನು ಸಭಾಂಗಣದಲ್ಲಿ ಚಲಾಯಿಸಲಿಲ್ಲ. ಒಹಾಯೋದಲ್ಲಿ ಚುನಾವಣೆಗೆ 90 ದಿನ ಮೊದಲು, ಅಂದರೆ ಆಗಸ್ಟ್ 7ರೊಳಗೆ, ಪಕ್ಷಗಳು ಅಭ್ಯರ್ಥಿಯ ಹೆಸರು ಕೊಡಬೇಕಿತ್ತು. ಸಮಾವೇಶ ಇದ್ದದ್ದು ಆಮೇಲೆ. ಆ ರಾಜ್ಯ ಗಡುವು ಮುಂದೂಡುವ ಕಾನೂನು ಮಾಡಿತಾದರೂ ಅದು ಜಾರಿಗೆ ಬರುವುದೇ ಸೆಪ್ಟೆಂಬರ್ ಹೊತ್ತಿಗೆ, ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಕಷ್ಟ ಎಂದು ಪಕ್ಷದ ವಕೀಲರು ಹೆದರಿದರು. ಹೀಗಾಗಿ ಆಗಸ್ಟ್ 1ರಿಂದ 5ರವರೆಗೆ ಆನ್‌ಲೈನ್ ಮತದಾನ. ಕಣಕ್ಕಿಳಿಯಲು 300 ಡೆಲಿಗೇಟ್‌ಗಳ ಸಹಿ ಬೇಕು, ಒಂದು ರಾಜ್ಯದಿಂದ 50ಕ್ಕಿಂತ ಹೆಚ್ಚು ಸಹಿ ಲೆಕ್ಕಕ್ಕಿಲ್ಲ. ಆ ಮೆಟ್ಟಿಲು ಹತ್ತಿದವರು ಕಮಲಾ ಹ್ಯಾರಿಸ್ ಒಬ್ಬರೇ, 99 ಶೇಕಡಾ ಮತ ಅವರಿಗೆ. ಆಗಸ್ಟ್ 20ರ ರಾತ್ರಿ ಸಭಾಂಗಣದಲ್ಲಿ ಡಿಜೆ ಸಂಗೀತದೊಡನೆ ಮತ್ತೊಮ್ಮೆ ರಾಜ್ಯಗಳ ಹೆಸರು ಕೂಗಿದ್ದು ಬರೀ ಸಂಭ್ರಮಕ್ಕೆ. ಆ ಮತದಾನ ಸಭಾಂಗಣದಲ್ಲೇ ನಡೆಯಬೇಕಿತ್ತು. ಎರಡು ವಾರದ ಗಡುವಿಗಾಗಿ ಒಂದು ಸಭೆಯ ಮುಖ್ಯ ಕೆಲಸವನ್ನೇ ಲ್ಯಾಪ್‌ಟಾಪಿಗೆ ಒಪ್ಪಿಸಿದ್ದು ಸರಿಯಲ್ಲ.

ಪ್ರಣಾಳಿಕೆಯದೂ ಇದೇ ಗತಿ. ಬೈಡನ್ ಇದ್ದಾಗ ಬರೆದ ಕರಡನ್ನು ತಿದ್ದದೆ ಪಾಸು ಮಾಡಿದ್ದರಿಂದ ಅದರಲ್ಲಿ ಬೈಡನ್ನರ ಎರಡನೇ ಅವಧಿಯ ಮಾತು ಹಾಗೆಯೇ ಉಳಿಯಿತು. ರಿಪಬ್ಲಿಕನ್ನರು 2020ರಲ್ಲಿ ಹೊಸ ಪ್ರಣಾಳಿಕೆಯನ್ನೇ ಮಾಡಲಿಲ್ಲ, 2024ರದು 16 ಪುಟ. ಇದನ್ನು 1948ರ ಫಿಲಡೆಲ್ಫಿಯಾದೊಂದಿಗೆ ಹೋಲಿಸಿದರೆ ಕಳೆದುಕೊಂಡದ್ದೇನೆಂದು ತಿಳಿಯುತ್ತದೆ. ಅಂದು ಮಿನ್ನಿಯಾಪೊಲಿಸ್‌ನ ಮೇಯರ್ ಆಗಿದ್ದ ಅದೇ ಹಂಫ್ರಿ ನಾಗರಿಕ ಹಕ್ಕುಗಳ ಗಟ್ಟಿ ಠರಾವು ತಂದರು. 651½ಕ್ಕೆ 582½ ಮತದಿಂದ ಅದು ಗೆದ್ದಿತು. ದಕ್ಷಿಣದ ಕೆಲವರು ಎದ್ದು ಹೊರಟೇ ಹೋದರು. ಎರಡು ವಾರದೊಳಗೆ, ಜುಲೈ 26ರಂದು, ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ವರ್ಣಭೇದ ತೊಲಗಿಸುವ ಆದೇಶಕ್ಕೆ ಸಹಿ ಹಾಕಿದರು. 2024ರಲ್ಲಿ ಗಾಜಾ ವಿಚಾರದಲ್ಲಿ ಅಸಮಾಧಾನವಿದ್ದ ಮೂವತ್ತರಷ್ಟು ಡೆಲಿಗೇಟ್‌ಗಳು ವೇದಿಕೆಯಲ್ಲಿ ಪ್ಯಾಲೆಸ್ತೀನ್ ಮೂಲದ ಒಬ್ಬರಿಗೆ ಮಾತಾಡಲು ಅವಕಾಶ ಕೇಳಿದರು. ಸಿಗಲಿಲ್ಲ, ಹೊರಗೆ ಧರಣಿ ಕೂತರು. ಅವರನ್ನು ಒಳಗೆ ಕರೆದು ಐದು ನಿಮಿಷ ಕೇಳಿಸಿಕೊಳ್ಳುವಷ್ಟು ಧೈರ್ಯ ಆ ಸಭೆಗೆ ಇರಬೇಕಿತ್ತು.

ಸಭೆ ಟಿವಿಗಾಗಿ ನಡೆಯುವುದರಿಂದ ಟಿವಿಯ ತೊಂದರೆಗಳೂ ಅದರ ಪಾಲಿಗೆ. ಮೊದಲ ರಾತ್ರಿ ಭಾಷಣಗಳು ಉದ್ದವಾಗಿ ಬೈಡನ್ ಮಾತು ಶುರುವಾದಾಗ ಚಿಕಾಗೋದಲ್ಲಿ ಹತ್ತೂ ಕಾಲು ದಾಟಿತ್ತು, ಪೂರ್ವ ಕರಾವಳಿಯಲ್ಲಿ ಹನ್ನೊಂದೂ ಕಾಲು. ಕೊನೆಯ ರಾತ್ರಿಯ ಬಲೂನುಗಳಿಗೆ ಹೀಲಿಯಂ ಅಲ್ಲ, ಬರೀ ಗಾಳಿ ತುಂಬಿ ಸೂರಿನಡಿ ಬಲೆ ಕಟ್ಟಿ ಇಟ್ಟಿರುತ್ತಾರೆ. ಹಗ್ಗ ಎಳೆದಾಗ ಬಲೆ ಒಂದು ಬದಿಗೆ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು. 1980ರಲ್ಲಿ ಜಿಮ್ಮಿ ಕಾರ್ಟರ್‌ಗೂ, 2004ರಲ್ಲಿ ಜಾನ್ ಕೆರ್ರಿಗೂ ಹೊತ್ತಿಗೆ ಸರಿಯಾಗಿ ಬಲೂನು ಬೀಳಲಿಲ್ಲ.

ಸಂಜೆ ಊಟಕ್ಕೆ ಡಿವಾನ್ ಅವೆನ್ಯೂ. ದೋಸೆ, ಇಡ್ಲಿ, ತಟ್ಟೆಯ ತುಂಬ ಬಿಸಿ ಪೊಂಗಲ್, ಎಲ್ಲ ಸಿಗುವ ಬೀದಿ. ಶನಿವಾರವಾದರೆ ಆರೂವರೆಗೆ ಮೊದಲೇ ಹೋಗಬೇಕು, ತಡವಾದರೆ ಮುಕ್ಕಾಲು ಗಂಟೆ ಬಾಗಿಲಲ್ಲೇ. ಪಕ್ಕದ ಮೇಜಿನ ಹಿರಿಯರು ಕನ್ನಡ ಕಿವಿಗೆ ಬಿದ್ದೊಡನೆ ಕುರ್ಚಿ ಎಳೆದುಕೊಂಡು ಬಂದರು. ದಾವಣಗೆರೆ ಕಡೆಯವರು, ಇಲ್ಲಿಗೆ ಬಂದು ನಲವತ್ತು ವರ್ಷ.

“ಡೆಲಿಗೇಟ್ ಆಗೋದು ಅಂದ್ರೆ ಇಲ್ಲಿ ಸುಮ್ನೆ ಅಲ್ಲ ರೀ. ಇಲಿನಾಯ್‌ನಲ್ಲಿ ಪ್ರೈಮರಿ ಮತಚೀಟಿ ಮೇಲೇ ಡೆಲಿಗೇಟ್ ಹೆಸರು ಇರುತ್ತೆ. ಸಹಿ ಸಂಗ್ರಹ ಮಾಡಿ ನಿಲ್ಬೇಕು, ಗೆಲ್ಬೇಕು. ಆಮೇಲೆ ವಿಮಾನ, ಹೋಟೆಲು ಎಲ್ಲ ಸ್ವಂತ ಖರ್ಚು.”

“ಅಷ್ಟಾಗಿ ಸಿಗೋದೇನು ಸಾರ್?”

“ಬೆಳಿಗ್ಗೆ ರಾಜ್ಯದವರ ತಿಂಡಿ ಸಭೆ ಇರುತ್ತಲ್ಲ, ಅದೇ ನಿಜವಾದ ಸಮಾವೇಶ. ಅವತ್ತಿನ ಪಾಸು ಕೊಡೋದೂ ಅಲ್ಲೇ. ಮುಂದೆ ಗವರ್ನರ್ ಆಗೋನು, ಸೆನೆಟರ್ ಆಗೋನು ನಿಮ್ಮ ಪಕ್ಕ ಮೊಟ್ಟೆ ತಿಂತಾ ಕೂತಿರ್ತಾನೆ. ನಮ್ಮೂರಲ್ಲಿ ಬಿ ಫಾರಂಗೆ ಏನು ಮಾಡ್ತೀವಿ ಹೇಳಿ? ಡೆಲ್ಲಿಗೆ ಹೋಗಿ ಬಾಗಿಲಲ್ಲಿ ನಿಲ್ತೀವಿ.”

ಅವರ ಮಾತಿನ ಚುರುಕು ಸುಳ್ಳಲ್ಲ. ನಮ್ಮಲ್ಲಿ ಪಕ್ಷದ ಪರವಾಗಿ ಸಹಿ ಮಾಡುವವರು ಯಾರೆಂದು ಫಾರಂ ಎ ಹೇಳುತ್ತದೆ, ಅವರು ಯಾರ ಹೆಸರು ಬರೆದರೋ ಅದು ಫಾರಂ ಬಿ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಿದರೆ ಆಯಿತು. ಕಾರ್ಯಕರ್ತರು ಮತ ಹಾಕುವ ಸಭೆ ಎಂಬುದು ಕಾನೂನಿನಲ್ಲೂ ಇಲ್ಲ, ರೂಢಿಯಲ್ಲೂ ಇಲ್ಲ. ಡೆಮಾಕ್ರಾಟರಲ್ಲಿ ಸಂಸತ್ ಸದಸ್ಯರೆಲ್ಲ ಹುದ್ದೆಯ ಬಲದಿಂದಲೇ ಡೆಲಿಗೇಟ್‌ಗಳು. ಬೆಳಗಾವಿಯಲ್ಲಿ ಬೆಳೆದು 2022ರಲ್ಲಿ ಮಿಶಿಗನ್‌ನಿಂದ ಗೆದ್ದ ಶ್ರೀ ಥಾಣೇದಾರ್ ಅವರಿಗೂ ಹಾಗೆ 2024ರಲ್ಲಿ ಸ್ಥಾನವಿತ್ತು. ಆದರೆ 2018ರಲ್ಲಿ ಮಾಡಿದ ನಿಯಮದಂತೆ, ಪೈಪೋಟಿ ಇದ್ದಾಗ ಇಂಥವರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಎರಡನೇ ಸುತ್ತಿಗೆ ಹೋದರೆ ಮಾತ್ರ ಅವರ ಸರದಿ.

ಐದನೇ ದಿನ: ಡೆಕೇಟರ್, ಸ್ಪ್ರಿಂಗ್‌ಫೀಲ್ಡ್

ಬಾಡಿಗೆ ಕಾರು ಹಿಡಿದು ಬೆಳಿಗ್ಗೆ ಆರಕ್ಕೆ ಬಿಟ್ಟರೆ ಚಿಕಾಗೋದ ವಾಹನದಟ್ಟಣೆ ತಪ್ಪುತ್ತದೆ. 57ನೇ ಹೆದ್ದಾರಿ, ಶಾಂಪೇನ್‌ನಲ್ಲಿ 72ಕ್ಕೆ ತಿರುವು. ಈ ದಾರಿಯಲ್ಲಿ ಟೋಲ್ ಇಲ್ಲ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಣಗಿ ನಿಂತ ಮೆಕ್ಕೆಜೋಳ, ಸೋಯಾ. ಕೊಯ್ಲಿನ ಕಾಲವಾದ್ದರಿಂದ ಕಂಬೈನ್ ಯಂತ್ರಗಳ ಹಿಂದೆ ಹೊಟ್ಟಿನ ಧೂಳು ಮೋಡದಂತೆ ಎದ್ದು ರಸ್ತೆಗೆ ಬರುತ್ತದೆ. ಕಿಟಕಿ ಏರಿಸಿ, ದೀಪ ಹಾಕಿಕೊಂಡೇ ಓಡಿಸಬೇಕು. ಗಾಜಿನ ಮೇಲೆ ಧೂಳು ಕೂತು ವೈಪರ್ ನೀರು ಅರ್ಧದಲ್ಲೇ ಖಾಲಿಯಾಯಿತು. ಪೆಟ್ರೋಲ್ ಬಂಕಿನವನು ನಗುತ್ತ ಬಾಟಲಿ ಕೊಟ್ಟ: “ಈ ತಿಂಗಳು ಇದರದೇ ವ್ಯಾಪಾರ.”

ಡೆಕೇಟರ್‌ನಲ್ಲಿ 1860ರ ಮೇ 9 ಮತ್ತು 10ರಂದು ರಾಜ್ಯ ಮಟ್ಟದ ರಿಪಬ್ಲಿಕನ್ ಸಮಾವೇಶ ನಡೆಯಿತು. ಲಿಂಕನ್‌ರ ಬಂಧು ಜಾನ್ ಹ್ಯಾಂಕ್ಸ್ ಎರಡು ಬೇಲಿ ತೊಲೆಗಳನ್ನು ಹೊತ್ತು ಸಭೆಗೆ ತಂದದ್ದು ಇಲ್ಲೇ. ಮೂವತ್ತು ವರ್ಷ ಹಿಂದೆ ಲಿಂಕನ್ ಸೀಳಿದ್ದ ತೊಲೆಗಳೆಂದು ಫಲಕವನ್ನೂ ಕಟ್ಟಿದ್ದರು. ಚಿತ್ರವಾಗಿ ಅದು ದೇಶಕ್ಕೆಲ್ಲ ಹಬ್ಬಿತು. ಆದರೆ ಹೆಚ್ಚು ಬೆಲೆಯ ಕೆಲಸ ಎರಡನೇ ದಿನ ನಡೆದ ಠರಾವು. ಇಲಿನಾಯ್‌ನ ಡೆಲಿಗೇಟ್‌ಗಳೆಲ್ಲ ಒಂದೇ ಗುಂಪಾಗಿ ಲಿಂಕನ್‌ಗೆ ಮತ ಹಾಕಬೇಕು ಎಂದು ಕಟ್ಟಪ್ಪಣೆ ಮಾಡಿದರು. ಎಂಟು ದಿನದ ನಂತರ ಚಿಕಾಗೋದ ಮೊದಲ ಸುತ್ತಿನ 102 ಮತದಲ್ಲಿ 22 ಈ ಠರಾವಿನಿಂದ ಬಂದವು.

ಸ್ಪ್ರಿಂಗ್‌ಫೀಲ್ಡ್‌ಗೆ ಅಲ್ಲಿಂದ ನಲವತ್ತೈದು ನಿಮಿಷ. ಮಧ್ಯಾಹ್ನದ ಊಟಕ್ಕೆ ಊರಿನ ವಿಶೇಷ ‘ಹಾರ್ಸ್‌ಶೂ’. ಸುಟ್ಟ ಬ್ರೆಡ್ಡಿನ ಮೇಲೆ ಮಾಂಸ, ಅದರ ಮೇಲೆ ಆಲೂಗಡ್ಡೆ ಫ್ರೈಸ್ ರಾಶಿ, ಎಲ್ಲದರ ಮೇಲೆ ಚೀಸ್ ಸಾಸ್. ಸಸ್ಯಾಹಾರಿಗಳು ಮಾಂಸದ ಬದಲು ತರಕಾರಿ ಪ್ಯಾಟಿ ಹಾಕಿಕೊಡಲು ಕೇಳಬಹುದು. ಒಬ್ಬರಿಗೆ ಅರ್ಧ ಪ್ಲೇಟು, ಅದನ್ನು ‘ಪೋನಿ’ ಎನ್ನುತ್ತಾರೆ, ಧಾರಾಳ ಸಾಕು.

ಎಂಟನೇ ಬೀದಿ, ಜ್ಯಾಕ್ಸನ್ ಬೀದಿ ಕೂಡುವಲ್ಲಿ ಲಿಂಕನ್‌ರ ಮನೆ. ಪ್ರವೇಶ ಉಚಿತ. ಆದರೆ ಏಳನೇ ಬೀದಿಯ ಸಂದರ್ಶಕರ ಕೇಂದ್ರದಲ್ಲಿ ಸಮಯ ನಮೂದಿಸಿದ ಚೀಟಿ ಪಡೆಯಬೇಕು. ಮಧ್ಯಾಹ್ನದ ಮೇಲೆ ಶಾಲಾ ಮಕ್ಕಳ ಬಸ್ಸು ಬಂದರೆ ಚೀಟಿ ಮುಗಿದುಹೋಗುತ್ತದೆ, ಬಂದೊಡನೆ ಮೊದಲು ಅದನ್ನು ಪಡೆದು ಆಮೇಲೆ ಊಟಕ್ಕೆ ಹೋಗುವುದು ಮೇಲು. ಮುಂದಿನ ಪಡಸಾಲೆಯ ಬಾಗಿಲಲ್ಲಿ ರೇಂಜರ್ ನಿಂತು 1860ರ ಮೇ 19ರ ಸಂಜೆಯನ್ನು ವಿವರಿಸಿದರು. ಚಿಕಾಗೋದಿಂದ ರೈಲಿನಲ್ಲಿ ಬಂದ ಸಮಾವೇಶದ ನಿಯೋಗ ಈ ಕೋಣೆಯಲ್ಲಿ ನಿಂತು ಸುದ್ದಿಯನ್ನು ಅಧಿಕೃತವಾಗಿ ತಿಳಿಸಿತು. ಕುಡಿಯಲು ಕೊಟ್ಟದ್ದು ತಣ್ಣೀರು. ಲಿಂಕನ್ ಪ್ರಣಾಳಿಕೆಯನ್ನು ಪೂರ್ತಿ ಓದಿ, 23ರಂದು ಪತ್ರ ಬರೆದು ಒಪ್ಪಿಕೊಂಡರು.

“ಓದಿ ಆಮೇಲೆ ಒಪ್ಪಿದ್ರಾ?” ಎಂದು ಗುಂಪಿನ ಹುಡುಗಿಯೊಬ್ಬಳು ಕೇಳಿದಳು.

“ಹೌದು. ಪಕ್ಷ ಬರೆದದ್ದಕ್ಕೆ ಅಭ್ಯರ್ಥಿ ಬದ್ಧ ಅನ್ನೋದು ಆಗಿನ ಲೆಕ್ಕ” ಎಂದರು ರೇಂಜರ್.

ಹಿಂದಿರುಗಲು 55ನೇ ಹೆದ್ದಾರಿ ನೇರ, ಮೂರೂವರೆ ಗಂಟೆ. 2028ರ ಸಮಾವೇಶಕ್ಕೆ ರಿಪಬ್ಲಿಕನ್ನರು ಹೂಸ್ಟನ್ ಆರಿಸಿಕೊಂಡಿದ್ದಾರೆ. ಆ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಕನ್ನಡಿಗರು ಸಮಾವೇಶ ನೋಡಬೇಕೆಂದಿದ್ದರೆ ಕೊನೆಯ ರಾತ್ರಿಯ ಪಾಸಿಗೆ ಪರದಾಡುವ ಬದಲು ಹಿಂದಿನ ವಾರವೇ ಶುರುವಾಗುವ ರೂಲ್ಸ್ ಸಮಿತಿ, ಪ್ರಣಾಳಿಕೆ ಸಮಿತಿಗಳ ಕಲಾಪ ನೋಡಬೇಕು. ಬಾಗಿಲು ತೆರೆದಿಟ್ಟು ನಡೆಸುವ ಸಭೆಗಳನ್ನು ಸಿ-ಸ್ಪ್ಯಾನ್ ವಾಹಿನಿ ಕತ್ತರಿಸದೆ ತೋರಿಸುತ್ತದೆ. ತಿದ್ದುಪಡಿ ತರುವವರು ಯಾರು, ಅದಕ್ಕೆ ಕೈ ಎತ್ತುವವರು ಎಷ್ಟು ಜನ, ಬಾಗಿಲು ಮುಚ್ಚಿಸಲು ಹೇಳುವವರು ಯಾರು ಎಂಬುದನ್ನು ಬರೆದಿಟ್ಟುಕೊಂಡರೆ ಆ ಪಕ್ಷದ ಮುಂದಿನ ನಾಲ್ಕು ವರ್ಷದ ಜಗಳಗಳು ಅಲ್ಲೇ ಸಿಗುತ್ತವೆ.